ಬೊರೊದಿನ್: ಲ್ಯಾಬಿನಲ್ಲಿ ಮೇಷ್ಟ್ರು, ಕಾಯಿಲೆ ಬಿದ್ದಾಗ ಸಂಗೀತಗಾರ

ಎಡ ಮೆದುಳಿನವರು ಲೆಕ್ಕ, ವಿಜ್ಞಾನದಲ್ಲಿ ಮುಂದು. ಬಲ ಮೆದುಳಿನವರು ಸಂಗೀತ, ಚಿತ್ರಕಲೆಯಲ್ಲಿ ಮುಂದು ಎನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ಹಾಗಾದರೆ ರಷ್ಯಾದ ಅಲೆಕ್ಸಾಂಡರ್ ಬೊರೊದಿನ್ ಅವರನ್ನು ಯಾವ ಕಡೆ ಸೇರಿಸೋಣ?

ಬೊರೊದಿನ್ 1833ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿದರು. ತಂದೆ ಜಾರ್ಜಿಯಾ ಮೂಲದ ಕುಲೀನ ಮನೆತನದವರು. ತಂದೆ ತಾಯಿಗೆ ಮದುವೆಯಾಗಿರಲಿಲ್ಲ. ಹಾಗಾಗಿ ಮಗುವನ್ನು ಜೀತದಾಳೊಬ್ಬನ ಮಗ ಎಂದು ದಾಖಲೆಯಲ್ಲಿ ಬರೆಸಿದರು. ಬೊರೊದಿನ್ ಎಂಬ ಹೆಸರು ಆ ಜೀತದಾಳಿನದು. ಹುಡುಗನಿಗೆ ಪಿಯಾನೊ ಎಷ್ಟು ಇಷ್ಟವೋ ಮನೆಯಲ್ಲೇ ಮಾಡುವ ರಾಸಾಯನಿಕ ಪ್ರಯೋಗಗಳೂ ಅಷ್ಟೇ ಇಷ್ಟ.

ವೈದ್ಯಕೀಯ ಓದಿ 1858ರಲ್ಲಿ ಡಾಕ್ಟರೇಟ್ ಪಡೆದರು. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಸಂಶೋಧನೆ ಮಾಡಿ ಬಂದು, 1864ರಲ್ಲಿ ತಾವು ಓದಿದ ಅಕಾಡೆಮಿಯಲ್ಲೇ ರಸಾಯನಶಾಸ್ತ್ರದ ಪ್ರೊಫೆಸರ್ ಆದರು. ಎರಡು ಆಲ್ಡಿಹೈಡ್ ಅಣುಗಳು ಕೂಡಿ ದೊಡ್ಡ ಅಣುವಾಗುವ 'ಆಲ್ಡಾಲ್ ಕ್ರಿಯೆ'ಯನ್ನು 1872ರಲ್ಲಿ ತಿಳಿಸಿದವರಲ್ಲಿ ಅವರೂ ಒಬ್ಬರು. ಫ್ರಾನ್ಸಿನ ವೂರ್ಟ್ಸ್ ಕೂಡ ಪ್ರತ್ಯೇಕವಾಗಿ ಇದನ್ನೇ ಕಂಡುಹಿಡಿದರು. ಔಷಧಿ ತಯಾರಿಕೆಯಲ್ಲಿ ಈ ಕ್ರಿಯೆ ಇಂದಿಗೂ ಬಳಕೆಯಲ್ಲಿದೆ.

ಹೆಣ್ಣುಮಕ್ಕಳು ಡಾಕ್ಟರ್ ಆಗುವುದು ಕಷ್ಟವಾಗಿದ್ದ ಕಾಲ ಅದು. 1872ರಲ್ಲಿ ಮಹಿಳೆಯರಿಗಾಗಿ ವೈದ್ಯಕೀಯ ತರಗತಿಗಳು ಶುರುವಾಗಲು ಬೊರೊದಿನ್ ದುಡಿದರು, ಅಲ್ಲಿ ಪಾಠವನ್ನೂ ಮಾಡಿದರು.

ಇಷ್ಟರ ನಡುವೆ ಸಂಗೀತಕ್ಕೆ ಸಮಯ ಸಿಗುತ್ತಿದ್ದದ್ದು ರಜೆಯಲ್ಲಿ ಅಥವಾ ಹುಷಾರಿಲ್ಲದಾಗ ಮಾತ್ರ. ಅದಕ್ಕೇ ಸಂಗೀತದ ಗೆಳೆಯರು ಆರೋಗ್ಯದ ಬದಲು ಕಾಯಿಲೆ ಬರಲಿ ಎಂದು ಹಾರೈಸುತ್ತಿದ್ದರಂತೆ! ಆದರೂ ರಷ್ಯನ್ ಸಂಗೀತಕ್ಕೆ ಹೊಸ ದಾರಿ ತೋರಿಸಿದ 'ಐವರು' ಎಂಬ ಬಳಗದಲ್ಲಿ ಅವರೂ ಒಬ್ಬರಾದರು.

ಇದಕ್ಕೆ ಬೆಲೆಯನ್ನೂ ತೆರಬೇಕಾಯಿತು. 1869ರಲ್ಲಿ ಶುರು ಮಾಡಿದ 'ಪ್ರಿನ್ಸ್ ಇಗೊರ್' ಒಪೆರಾ 18 ವರ್ಷವಾದರೂ ಮುಗಿಯಲಿಲ್ಲ. 1887ರಲ್ಲಿ ಒಂದು ಔತಣಕೂಟದಲ್ಲಿ ಇದ್ದಕ್ಕಿದ್ದಂತೆ ಕುಸಿದುಬಿದ್ದು ತೀರಿಕೊಂಡರು. ಆಗ ವಯಸ್ಸು 53. ಗೆಳೆಯರಾದ ರಿಮ್ಸ್ಕಿ-ಕೊರ್ಸಕೊವ್ ಮತ್ತು ಗ್ಲಾಜುನೊವ್ ಕೃತಿಯನ್ನು ಪೂರ್ಣಗೊಳಿಸಿದರು. 1890ರಲ್ಲಿ ಅದು ರಂಗಕ್ಕೆ ಬಂತು.

ಈಗ ಆ ಫಾರ್ವರ್ಡ್ ವಿಷಯ. ಮಾತಿನಂತಹ ಕೆಲವು ಕೆಲಸಗಳಿಗೆ ಮೆದುಳಿನ ಒಂದು ಬದಿ ಹೆಚ್ಚು ಬಳಕೆಯಾಗುವುದು ನಿಜ. ಆದರೆ 2013ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು ಸಾವಿರಕ್ಕೂ ಹೆಚ್ಚು ಜನರ ಮೆದುಳಿನ ಸ್ಕ್ಯಾನ್ ನೋಡಿದಾಗ, ಜನರನ್ನು ಎಡದವರು, ಬಲದವರು ಎಂದು ವಿಂಗಡಿಸಲು ಆಧಾರ ಸಿಗಲಿಲ್ಲ. ಆದ್ದರಿಂದ ವಿಜ್ಞಾನ ಓದುವ ಮಗು ಹಾಡಲು ಹೊರಟರೆ ತಡೆಯಬೇಡಿ. ಬೊರೊದಿನ್‌ಗೆ ಕೊರತೆ ಇದ್ದದ್ದು ಸಮಯದ್ದು, ಮೆದುಳಿನದ್ದಲ್ಲ.