ಮಾರ್ಕ್ಸ್ ಕಾರ್ಡಿನ ಮೇಲಿನ ಹೆಸರು

ಕಳೆದ ಸೆಮಿಸ್ಟರ್‌ನಲ್ಲಿ ನಾನೊಂದು ಇಂಟರ್ನಲ್ಸ್ ತಪ್ಪಿಸಿಕೊಂಡೆ. ಓದಿರಲಿಲ್ಲ ಅಂತಲ್ಲ. ನಮ್ಮೂರಿನಿಂದ ಜೇವರ್ಗಿಗೆ ಬರುವ ದಾರಿಯಲ್ಲಿ ಹಳ್ಳಕ್ಕೊಂದು ಹಳೆಯ ಸೇತುವೆ ಇದೆ. ಅದರ ಒಂದು ಬದಿಯನ್ನು ಒಡೆದು ದುರಸ್ತಿ ನಡೆಸಿದ್ದರು. ಉಳಿದ ಬದಿಯಲ್ಲಿ ಒಮ್ಮೆ ಆ ಕಡೆಯವರು, ಒಮ್ಮೆ ಈ ಕಡೆಯವರು ಸರದಿಯಂತೆ ದಾಟಬೇಕು. ಅವತ್ತು ಕಬ್ಬು ತುಂಬಿದ ಟ್ರ್ಯಾಕ್ಟರೊಂದು ಬೋರ್ಡು ಲೆಕ್ಕಿಸದೆ ನುಗ್ಗಿ, ನಟ್ಟನಡುವೆ ಕೆಟ್ಟು ನಿಂತಿತು. ನಮ್ಮ ಬಸ್ಸು ಒಂದೂವರೆ ತಾಸು ಕದಲಲಿಲ್ಲ. ಕಲಬುರಗಿಯ ಕಾಲೇಜು ಮುಟ್ಟುವಷ್ಟರಲ್ಲಿ ಉತ್ತರ ಪತ್ರಿಕೆಗಳ ಕಟ್ಟು ಸ್ಟಾಫ್ ರೂಮಿಗೆ ಹೋಗಿಯಾಗಿತ್ತು. ತಪ್ಪಿದ ವಿಷಯ ಸ್ಟ್ರಕ್ಚರಲ್ ಅನಾಲಿಸಿಸ್!

ನನ್ನದು ಒಂದು ಪರೀಕ್ಷೆಯಾದರೆ ಅಪ್ಪನದು ಹೊಟ್ಟೆಪಾಡು. ಅಪ್ಪ ಮಿನಿ ಲಾರಿ ಓಡಿಸುತ್ತಾರೆ. ಆಳಂದದ ತೊಗರಿ, ಜೇವರ್ಗಿಯ ಹತ್ತಿ, ಅಫಜಲಪುರದ ಕಡೆಯ ಈರುಳ್ಳಿ, ಯಾವ ಬಾಡಿಗೆ ಸಿಕ್ಕರೂ ಸರಿ. ಭಾರಿ ವಾಹನಗಳಿಗೆ ಪ್ರವೇಶವಿಲ್ಲ ಎಂಬ ಬೋರ್ಡು ಬಿದ್ದ ದಿನದಿಂದ ಅವರು ದೂರದ ದಾರಿ ಸುತ್ತಿ ಹೋಗಬೇಕಾಯಿತು. ದಿನಕ್ಕೆ ಎರಡು ಟ್ರಿಪ್ ಆಗುತ್ತಿದ್ದಲ್ಲಿ ಒಂದೇ ಆಯಿತು. ರಾತ್ರಿ ಊಟಕ್ಕೆ ಕೂತಾಗ ಅಪ್ಪ ಎಂಜಿನಿಯರುಗಳನ್ನು ಬೈದರು. ಕಟ್ಟುವಾಗ ನೆಟ್ಟಗೆ ಕಟ್ಟಿದ್ದರೆ ಈಗ ರಿಪೇರಿ ಯಾಕೆ ಬೇಕಿತ್ತು ಎಂಬುದು ಅವರ ಪ್ರಶ್ನೆ. ಸಿವಿಲ್ ಓದುತ್ತಿರುವ ಮಗಳು ಎದುರಿಗೇ ಕೂತಿದ್ದೇನೆಂಬುದು ಅವರಿಗೆ ನೆನಪಿತ್ತೋ ಇಲ್ಲವೋ. ನನಗೆ ಉತ್ತರ ಹೊಳೆಯಲಿಲ್ಲ.

ಆ ವಾರವೇ ಸ್ಕಾಲರ್‌ಶಿಪ್ ಅರ್ಜಿಗೆಂದು ಹಳೆಯ ಮಾರ್ಕ್ಸ್ ಕಾರ್ಡು ತೆಗೆದೆ. ಮೇಲೆ ದೊಡ್ಡದಾಗಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಎಂದಿದೆ. ಇಷ್ಟು ದಿನ ಆ ಹೆಸರಿನ ಕೆಳಗಿನ ಅಂಕಗಳನ್ನಷ್ಟೇ ನೋಡಿದ್ದೆ. ಈ ಮನುಷ್ಯ ನಮ್ಮ ಮನೆಯ ಊಟಕ್ಕೆ ಬಂದು ಕೂತಿದ್ದರೆ ಅಪ್ಪನಿಗೆ ಏನು ಹೇಳುತ್ತಿದ್ದರು? ಈ ಪ್ರಶ್ನೆ ಹಿಡಿದುಕೊಂಡೇ ಗ್ರಂಥಾಲಯದಲ್ಲಿ ಅವರ ಜೀವನ ಓದತೊಡಗಿದೆ.

ಮೋಕ್ಷಗುಂಡಂ ವಿಶ್ವೇಶ್ವರಯ್ಯ ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿ ಸಂಸ್ಕೃತ ಬಲ್ಲವರು, ತಾಯಿ ವೆಂಕಟಲಕ್ಷ್ಮಮ್ಮ. ಮಗ ಇನ್ನೂ ಶಾಲೆಯಲ್ಲಿರುವಾಗಲೇ ತಂದೆ ತೀರಿಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮಕ್ಕಳಿಗೆ ಪಾಠ ಹೇಳಿ ಖರ್ಚು ತೂಗಿಸಿದರು. ಟ್ಯೂಷನ್ ಹೇಳಿಕೊಂಡು ಕೋಚಿಂಗ್ ಫೀಸ್ ಕಟ್ಟುವ ನಮ್ಮ ಗೆಳೆಯರಿಗೆ ಇದು ಹೊಸ ಕಥೆಯೇನಲ್ಲ. ಬಿಎ ಮುಗಿಸಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿದರು. 1883ರಲ್ಲಿ ಮೊದಲ ರ‍್ಯಾಂಕಿನಲ್ಲಿ ಪಾಸಾದರು. ಮರುವರ್ಷವೇ ಬಾಂಬೆ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಆಗಿ ಸೇರಿದರು.

ಅವರ ಮೊದಮೊದಲ ಕೆಲಸಗಳಲ್ಲಿ ಒಂದು ಧುಳೆ ಸೀಮೆಯ ಪಾಂಝರಾ ನದಿಯದು. ಹೊಳೆ ದಾಟಿಸಿ ಆಚೆಗೆ ನೀರು ಒಯ್ಯಲು ಪೈಪಿನ ಸೈಫನ್ ಹಾಕಬೇಕಿತ್ತು. ನಡುವೆ ಮಳೆಗಾಲ ಬಂತು, ಹೊಳೆ ತುಂಬಿತು. ಕೆಲಸ ಮುಂದೂಡೋಣ ಎಂದು ಹೊಸ ಎಂಜಿನಿಯರ್ ಮೇಲಧಿಕಾರಿಗೆ ಬರೆದರು. ಮೇಲಧಿಕಾರಿಗೆ ಅದು ಹಿಡಿಸಲಿಲ್ಲ. ಕೊನೆಗೆ ಆ ಮಳೆಯ ನಡುವೆಯೇ ಕೆಲಸ ಮುಗಿಸಿಕೊಟ್ಟರು. ಓದಿದ ಪುಸ್ತಕದಲ್ಲಿ ನದಿ ಒಂದು ಗೆರೆ. ಕೆಲಸಕ್ಕೆ ಇಳಿದಾಗ ಅದು ನಿಲ್ಲದೆ ಹರಿಯುತ್ತಿರುತ್ತದೆ. ಹರಿಯುವುದನ್ನು ನಿಲ್ಲಿಸದೆ ಕೆಲಸ ಮಾಡುವ ಪಾಠ ಅವರಿಗೆ ಮೊದಲ ನೌಕರಿಯಲ್ಲೇ ಸಿಕ್ಕಿತು.

ಖಡಕ್‌ವಾಸ್ಲಾ ಅಣೆಕಟ್ಟಿನ ಸ್ವಯಂಚಾಲಿತ ಗೇಟುಗಳ ಬಗ್ಗೆ ನಾವೆಲ್ಲ ಸಾಮಾನ್ಯ ಜ್ಞಾನದ ಒಂದು ಅಂಕಕ್ಕಾಗಿ ಓದಿದ್ದೇವೆ. ಯಾಕೆ ಹಾಕಿದರು ಎಂಬುದು ನನಗೆ ಈಗ ತಿಳಿಯಿತು. ಅದು ಪುಣೆಗೆ ನೀರು ಕೊಡುತ್ತಿದ್ದ ಹಳೆಯ ಅಣೆಕಟ್ಟು. ಮಳೆಗಾಲದಲ್ಲಿ ಹೆಚ್ಚಾದ ನೀರು ಕೋಡಿ ಬಿದ್ದು ಹೋಗುತ್ತಿತ್ತು, ಬೇಸಿಗೆಯಲ್ಲಿ ನೀರು ಸಾಲುತ್ತಿರಲಿಲ್ಲ. ಇಡೀ ಅಣೆಕಟ್ಟು ಎತ್ತರಿಸುವುದೆಂದರೆ ದೊಡ್ಡ ಖರ್ಚು, ಹಳೆಯ ಗೋಡೆಯ ಮೇಲೆ ಹೊಸ ಭಾರ. ವಿಶ್ವೇಶ್ವರಯ್ಯ ಗೋಡೆಯನ್ನು ಹಾಗೆಯೇ ಬಿಟ್ಟು, ಕೋಡಿಯ ಮೇಲೆ ಗೇಟುಗಳನ್ನು ಕೂರಿಸಿದರು. ನೀರು ನಿಗದಿತ ಮಟ್ಟ ಮೀರಿದರೆ ತಾವಾಗಿಯೇ ತೆರೆದುಕೊಳ್ಳುತ್ತವೆ, ಇಳಿದರೆ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಸುಮಾರು 8 ಅಡಿ ಹೆಚ್ಚು ನೀರು ನಿಲ್ಲಿಸಲು ಸಾಧ್ಯವಾಯಿತು. 1903ರ ಹೊತ್ತಿಗೆ ಗೇಟುಗಳು ಕೆಲಸ ಶುರುಮಾಡಿದವು. ಇವತ್ತಿನ ನಮ್ಮ ಸಿಲಬಸ್ ಇದನ್ನು ರೆಟ್ರೊಫಿಟಿಂಗ್ ಎನ್ನುತ್ತದೆ. ಹಳೆಯದನ್ನು ಕೆಡವದೆ, ಅದರ ಕೆಲಸ ನಿಲ್ಲಿಸದೆ, ಅದಕ್ಕೆ ಹೊಸ ಬಲ ಕೊಡುವುದು.

ನಮ್ಮ ಭಾಗಕ್ಕೆ ಹತ್ತಿರದ ಅಧ್ಯಾಯ ಹೈದರಾಬಾದಿನದು. ಆಗ ಕಲಬುರಗಿ ಜಿಲ್ಲೆ ನಿಜಾಮರ ರಾಜ್ಯದಲ್ಲಿತ್ತು, ಹೈದರಾಬಾದೇ ನಮಗೆ ರಾಜಧಾನಿ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ನಗರವನ್ನು ಕೊಚ್ಚಿತು. ಸಾವಿರಾರು ಜನ ಸತ್ತರು. ಅಫ್ಜಲ್, ಮುಸಲ್ಲಂ ಜಂಗ್, ಚಾದರ್‌ಘಾಟ್ ಎಂಬ ಮೂರು ಸೇತುವೆಗಳು ಹೋದವು. ಉಳಿದದ್ದು ಕುತುಬ್‌ಶಾಹಿಗಳು ಕಟ್ಟಿಸಿದ್ದ ಪುರಾನಾ ಪೂಲ್ ಒಂದೇ. ಇಡೀ ನಗರದ ಎರಡು ದಡಗಳ ನಡುವೆ ಒಂದೇ ಸೇತುವೆ ಎಂದರೆ ಹೇಗಿರಬೇಕು? ನಮ್ಮ ಹಳ್ಳದ ಮೇಲಿನ ಒಂದೂವರೆ ತಾಸು ನೆನಪಾಯಿತು.

ವಿಶ್ವೇಶ್ವರಯ್ಯ ಆಗಷ್ಟೇ ಬಾಂಬೆ ಸರ್ಕಾರದ ಕೆಲಸ ಬಿಟ್ಟು ವಿದೇಶ ಪ್ರವಾಸದಲ್ಲಿದ್ದರು. ನಿಜಾಮರ ಸರ್ಕಾರ ಕರೆಯಿತು, 1909ರಲ್ಲಿ ಬಂದರು. ಬಂದವರು ಬಿದ್ದ ಸೇತುವೆಗಳ ಜಾಗ ನೋಡಿ ಸುಮ್ಮನಾಗಲಿಲ್ಲ. ನದಿಯ ಮೇಲ್ಭಾಗದ ಇಡೀ ಜಲಾನಯನದ ಮಳೆ ಲೆಕ್ಕ, ಕೆರೆಗಳ ಲೆಕ್ಕ ತೆಗೆಸಿದರು. ಮೇಲಿನ ನೂರಾರು ಕೆರೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಒಡೆದದ್ದರಿಂದ ಪ್ರವಾಹ ಇಷ್ಟು ಭೀಕರವಾಯಿತೆಂದು ತಿಳಿಯಿತು. ನಗರ ಉಳಿಯಬೇಕಾದರೆ ಮೂಸಿ ಮತ್ತು ಈಸಿ ನದಿಗಳ ನೀರನ್ನು ಮೇಲೆಯೇ ತಡೆಯಬೇಕೆಂದು ವರದಿ ಕೊಟ್ಟರು. ಅದರ ಫಲವಾಗಿ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಬಂದವು.

ಈ ಅಧ್ಯಾಯ ಓದುವಾಗ ನನಗೆ ನಮ್ಮ ಭೀಮಾ ಕಣ್ಣ ಮುಂದೆ ಬಂತು. ಆಳಂದದ ಅಮರ್ಜಾ ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಸಂಗಮದಲ್ಲಿ ಭೀಮೆಗೆ ಸೇರುತ್ತದೆ. ಅಲ್ಲಿಂದ ಮುಂದೆ ಭೀಮೆ ಜೇವರ್ಗಿಯತ್ತ ಬರುತ್ತಾಳೆ. ಮಹಾರಾಷ್ಟ್ರದ ಉಜನಿಯಿಂದ ನೀರು ಬಿಟ್ಟರೆ ನಮ್ಮಲ್ಲಿ ಹೊಳೆದಂಡೆಯ ಊರುಗಳಿಗೆ ನಿದ್ದೆಯಿಲ್ಲ. 2020ರ ಅಕ್ಟೋಬರ್ ಪ್ರವಾಹದಲ್ಲಿ ಗಾಣಗಾಪುರದ ಕಡೆಯ ಸೇತುವೆ ಮುಳುಗಿದ್ದನ್ನು ನಾನು ಹೈಸ್ಕೂಲಿನಲ್ಲಿದ್ದಾಗ ಟಿವಿಯಲ್ಲಿ ನೋಡಿದ್ದೆ. ನೀರು ಇಳಿದ ಮೇಲೆ ಸೇತುವೆ ಮೇಲಿನಿಂದ ಹಾಗೆಯೇ ಕಾಣುತ್ತದೆ. ಕೆಳಗೆ ಕಂಬದ ಬುಡದ ಮಣ್ಣು ಎಷ್ಟು ಕೊಚ್ಚಿಹೋಗಿದೆ ಎಂಬುದು ಇಳಿದು ನೋಡಿದವರಿಗಷ್ಟೇ ಗೊತ್ತು.

1909ರ ಕೊನೆಗೆ ಅವರು ಮೈಸೂರಿನ ಮುಖ್ಯ ಎಂಜಿನಿಯರ್ ಆದರು. 1912ರಿಂದ 1918ರವರೆಗೆ ದಿವಾನರು. ಕೃಷ್ಣರಾಜಸಾಗರ, ಮೈಸೂರು ವಿಶ್ವವಿದ್ಯಾಲಯ, ಬ್ಯಾಂಕು, ಇವೆಲ್ಲ ಎಲ್ಲರಿಗೂ ಗೊತ್ತಿರುವುದೇ. ಹಿಂದುಳಿದ ಸಮುದಾಯಗಳಿಗೆ ನೌಕರಿಯಲ್ಲಿ ಆದ್ಯತೆ ಕೊಡುವ ವಿಚಾರದಲ್ಲಿ ಮಹಾರಾಜರೊಂದಿಗೆ ಒಮ್ಮತವಾಗದೆ ದಿವಾನಗಿರಿ ಬಿಟ್ಟರು. 371(ಜೆ) ಇದ್ದುದರಿಂದಲೇ ಸೀಟು ಪಡೆದ ನಾನು ಆ ವಿಷಯದಲ್ಲಿ ಅವರ ಪಕ್ಷ ವಹಿಸಲಾರೆ. ದೊಡ್ಡವರಿಂದ ಕಲಿಯಲು ಅವರ ಎಲ್ಲ ಮಾತಿಗೂ ತಲೆಯಾಡಿಸಬೇಕಿಲ್ಲ.

ನನಗೆ ಹೊಸದಾಗಿ ಸಿಕ್ಕಿದ್ದು ಅವರ ಬದುಕಿನ ಕೊನೆಯ ಭಾಗ. ಸ್ವಾತಂತ್ರ್ಯ ಬಂದ ಮೇಲೆ ಬಿಹಾರದ ಮೊಕಾಮಾ ಬಳಿ ಗಂಗಾ ನದಿಗೆ ಸೇತುವೆ ಬೇಕಾಗಿತ್ತು. ಉತ್ತರ ಬಿಹಾರ, ದಕ್ಷಿಣ ಬಿಹಾರಗಳನ್ನು ಜೋಡಿಸುವ ಮೊದಲ ಸೇತುವೆ. ಎಲ್ಲಿ ಕಟ್ಟಬೇಕೆಂದು ಹೇಳಲು ವಿಶ್ವೇಶ್ವರಯ್ಯನವರನ್ನು ಕರೆದರು. ಆಗ ಅವರ ವಯಸ್ಸು 90 ದಾಟಿತ್ತು. ಹೋದರು, ನೋಡಿದರು, ಜಾಗ ಸೂಚಿಸಿದರು. ಮೇಲೆ ರಸ್ತೆ, ಕೆಳಗೆ ರೈಲು ಇರುವ, ಸುಮಾರು 2 ಕಿಲೋಮೀಟರ್ ಉದ್ದದ ರಾಜೇಂದ್ರ ಸೇತು 1959ರಲ್ಲಿ ತೆರೆಯಿತು. ಅಷ್ಟರಲ್ಲಿ, 1955ರಲ್ಲಿ, ಅವರಿಗೆ ಭಾರತರತ್ನ ಬಂದಿತ್ತು. 1960ರಲ್ಲಿ ನಾಡು ಅವರ ಶತಮಾನೋತ್ಸವ ಆಚರಿಸಿತು. 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಕಥೆ ಅಲ್ಲಿಗೆ ಮುಗಿಯಬೇಕು. ಆದರೆ ಸೇತುವೆಯ ಕಥೆ ಮುಗಿಯಲಿಲ್ಲ. ರಾಜೇಂದ್ರ ಸೇತುವಿಗೂ ವಯಸ್ಸಾಯಿತು. ಶಿಥಿಲವಾಗಿ ದುರಸ್ತಿಗೆ ಬಂತು, ಭಾರಿ ವಾಹನಗಳನ್ನು ಬೇರೆ ದಾರಿಗೆ ತಿರುಗಿಸಬೇಕಾಯಿತು. ಅಲ್ಲಿನ ಲಾರಿಗಳು 100 ಕಿಲೋಮೀಟರಿಗೂ ಹೆಚ್ಚು ಸುತ್ತಬೇಕಿತ್ತು. ಪಕ್ಕದಲ್ಲೇ ಔಂಟಾ–ಸಿಮರಿಯಾ ನಡುವೆ ಆರು ಪಥದ ಹೊಸ ಸೇತುವೆ 2025ರ ಆಗಸ್ಟ್‌ನಲ್ಲಿ ತೆರೆದ ಮೇಲೆಯೇ ಅವರಿಗೆ ನೇರ ದಾರಿ ಸಿಕ್ಕಿದ್ದು. ವಿಶ್ವೇಶ್ವರಯ್ಯ ಜಾಗ ಹುಡುಕಿಕೊಟ್ಟ ಸೇತುವೆಗೇ ರಿಪೇರಿ ಬೇಕಾಯಿತು. ಹಾಗಾದರೆ ರಿಪೇರಿ ಬಂದಿತೆಂದರೆ ಕಟ್ಟಿದವರ ಸೋಲು ಎಂದೇ ಅರ್ಥವಲ್ಲ. ಕಳಪೆ ಕಾಮಗಾರಿ ನಮ್ಮಲ್ಲಿ ಇಲ್ಲವೆಂದಲ್ಲ. ಆದರೆ ಚೆನ್ನಾಗಿ ಕಟ್ಟಿದ್ದಕ್ಕೂ ವಯಸ್ಸಾಗುತ್ತದೆ. ಅಪ್ಪನ ಮೊದಲ ಪ್ರಶ್ನೆಗೆ ಇದು ಅರ್ಧ ಉತ್ತರ.

ಉಳಿದರ್ಧ ಕಷ್ಟದ್ದು. ದುರಸ್ತಿ ಆಗುವಷ್ಟು ದಿನ ಜನ ಹೇಗೆ ಬದುಕಬೇಕು? ತುಮಕೂರು ರಸ್ತೆಯಿಂದ ಬೆಂಗಳೂರಿಗೆ ಹೋದವರಿಗೆ ಪೀಣ್ಯ ಮೇಲ್ಸೇತುವೆ ಗೊತ್ತು. 2010ರಲ್ಲಿ ತೆರೆದದ್ದು. 2021ರ ಡಿಸೆಂಬರ್‌ನಲ್ಲಿ 102 ಮತ್ತು 103ನೇ ಕಂಬಗಳ ನಡುವಿನ ಎರಡು ಕೇಬಲ್‌ಗಳು ಕೆಟ್ಟಿದ್ದು ಕಂಡು ಸಂಚಾರ ನಿಲ್ಲಿಸಿದರು. 2022ರ ಫೆಬ್ರುವರಿಯಲ್ಲಿ ಕಾರು, ಬೈಕುಗಳನ್ನು ಬಿಟ್ಟರು. 240 ಹೊಸ ಕೇಬಲ್ ಸೇರಿಸಿ, ಭಾರ ಹೊರಿಸಿ ಪರೀಕ್ಷೆ ಮಾಡಿ, ಬಸ್ಸು, ಲಾರಿಗಳಿಗೆ ಅವಕಾಶ ಕೊಟ್ಟದ್ದು 2024ರ ಜುಲೈ ಕೊನೆಗೆ. ಆಮೇಲೂ ಹಳೆಯ ಕೇಬಲ್ ಬದಲಿಸಲೆಂದು ಶುಕ್ರವಾರ ಮಾತ್ರ ಭಾರಿ ವಾಹನ ಬೇಡವೆಂದರು. ಎರಡೂವರೆ ವರ್ಷ ಕೆಳಗಿನ ರಸ್ತೆಯಲ್ಲಿ ತೆವಳಿದ ಡ್ರೈವರುಗಳು ಎಷ್ಟು ಬೈದಿರಬೇಕು! ಆದರೆ ಆ ಎರಡು ಕೇಬಲ್ ಕಣ್ಣಿಗೆ ಬೀಳದೇ ಹೋಗಿದ್ದರೆ?

ನಮ್ಮಲ್ಲಿ ರಿಪೇರಿಗೆ ಯಾವ ತಿಂಗಳು ಒಳ್ಳೆಯದು ಎಂದು ಒಂದು ದಿನ ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡಿದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಹೊಳೆ, ಹಳ್ಳ ಯಾವಾಗ ಬರುತ್ತವೋ ಹೇಳಲಾಗದು. ನವೆಂಬರ್‌ಗೆ ಕಬ್ಬಿನ ಸಾಗಣೆ ಶುರು. ಡಿಸೆಂಬರ್, ಜನವರಿಗೆ ತೊಗರಿ ರಾಶಿ. ಮಾರ್ಚ್‌ಗೆ ಮಕ್ಕಳ ಪರೀಕ್ಷೆ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಹೊಸ ಕಾಂಕ್ರೀಟ್ ಬೇಗ ಒಣಗಿ ಬಿರಿಯದಂತೆ ದಿನವಿಡೀ ನೀರು ಹಿಡಿಯಬೇಕು, ನೀರೇ ಇರುವುದಿಲ್ಲ. ಪ್ರತಿ ಹುಣ್ಣಿಮೆ, ಅಮಾವಾಸ್ಯೆಗೆ ಗಾಣಗಾಪುರ, ಘತ್ತರಗಿಗೆ ಜನಸಾಗರ. ಯಾರಿಗೂ ತೊಂದರೆಯಾಗದ ತಿಂಗಳು ಕ್ಯಾಲೆಂಡರಿನಲ್ಲಿ ಇಲ್ಲವೇ ಇಲ್ಲ. ಯಾರಿಗೆ, ಎಷ್ಟು ದಿನ ಎಂದು ಮೊದಲೇ ಲೆಕ್ಕ ಹಾಕುವುದಷ್ಟೇ ಎಂಜಿನಿಯರ್ ಕೈಯಲ್ಲಿರುವುದು.

ಆ ಲೆಕ್ಕವೇ ನಮ್ಮಲ್ಲಿ ಕಾಣುವುದಿಲ್ಲ. ಹೈದರಾಬಾದಿನಲ್ಲಿ ಬಿದ್ದ ಸೇತುವೆಯ ಮುಂದೆ ನಿಂತವರು ಮೇಲಿನ ಕೆರೆಗಳನ್ನೂ ಎಣಿಸಿದರು. ನಮ್ಮ ಹಳ್ಳದ ಸೇತುವೆಯ ಮುಂದೆ ನಿಂತವರು ಸಿಮೆಂಟು, ಕಬ್ಬಿಣ ಎಣಿಸಿರುತ್ತಾರೆ; ಅಪ್ಪನ ತಪ್ಪಿದ ಟ್ರಿಪ್ಪುಗಳನ್ನು ಎಣಿಸಿದ್ದಾರೆಯೇ? ಕಬ್ಬಿನ ಟ್ರ್ಯಾಕ್ಟರುಗಳಿಗೆ ರಾತ್ರಿ ಹೊತ್ತು ಗೊತ್ತುಮಾಡಿ, ಬೆಳಿಗ್ಗೆ ಎರಡು ತಾಸು ಬಸ್ಸುಗಳಿಗೆ ಬಿಡಬಹುದಿತ್ತು. ಸುತ್ತುವ ದಾರಿಯ ಗುಂಡಿಗಳನ್ನು ಮೊದಲು ಮುಚ್ಚಿ ಆಮೇಲೆ ಸೇತುವೆ ಒಡೆಯಬಹುದಿತ್ತು. ಎಂದು ಮುಗಿಯುತ್ತದೆಂದು ಬೋರ್ಡಿನ ಮೇಲೆ ಒಂದು ದಿನಾಂಕ ಬರೆಯಬಹುದಿತ್ತು. ಇದಕ್ಕೆಲ್ಲ ದೊಡ್ಡ ಯಂತ್ರ ಬೇಕಿಲ್ಲ, ಬಸ್ಸಿನಲ್ಲಿ ಕೂತವರನ್ನು ನೆನೆದರೆ ಸಾಕು.

ಮಿನಿ ಪ್ರಾಜೆಕ್ಟಿಗೆ ನಾನು ಮತ್ತು ಮೂವರು ಗೆಳತಿಯರು ಆ ಸೇತುವೆಯನ್ನೇ ಆರಿಸಿಕೊಂಡೆವು. ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಎರಡೂ ತುದಿಗೆ ಕೂತು ಯಾವ ವಾಹನ ಎಷ್ಟು ಹೊತ್ತು ಕಾಯಿತು ಎಂದು ಬರೆದೆವು. ಮೊದಲ ದಿನ ಜನ ನಕ್ಕರು. ಎರಡನೆಯ ದಿನ ಚಹಾ ಕೊಟ್ಟು, ಯಾವ ಹೊತ್ತಿಗೆ ಗದ್ದಲ ಹೆಚ್ಚೆಂದು ಅವರೇ ಹೇಳತೊಡಗಿದರು. ಬರೆದದ್ದನ್ನು ಅಪ್ಪನಿಗೆ ತೋರಿಸಿದೆ. ಪೀಣ್ಯದ ಕೇಬಲ್, ಮೊಕಾಮಾದ ಸುತ್ತುದಾರಿ ಎರಡನ್ನೂ ಹೇಳಿದೆ. ಅಪ್ಪ ಸುಮ್ಮನೆ ಕೇಳಿದರು. ಆಮೇಲೆ ಪೆನ್ನು ಇಸಿದುಕೊಂಡು, ನಾವು ಬಿಟ್ಟಿದ್ದ ಒಂದು ಕಾಲಮ್ಮನ್ನು ತಾವೇ ಕೊನೆಗೆ ಸೇರಿಸಿದರು: ಸುತ್ತಿ ಹೋದವರು. ಸೇತುವೆಗೇ ಬಾರದೆ ದೂರದಿಂದ ತಿರುಗಿ ಹೋದ ಗಾಡಿಗಳು ನಮ್ಮ ಪಟ್ಟಿಯಲ್ಲಿ ಇರಲೇ ಇಲ್ಲ, ಅಪ್ಪನದೂ ಸೇರಿ.