ಗಾಂಧೀಜಿ ಬಿಡದೆ ಉಳಿಸಿಕೊಂಡ ಒಂದೇ ಅಭ್ಯಾಸ

ಹೊಸ ವರ್ಷ ಅಂದಕೂಡಲೇ ನಮಗೆಲ್ಲ ಎಲ್ಲಿಲ್ಲದ ಹುರುಪು. ಜನವರಿ ಒಂದರಿಂದ ಸಕ್ಕರೆ ಬಂದ್, ರಾತ್ರಿ ಅನ್ನ ಬಂದ್, ಬೆಳಿಗ್ಗೆ ಐದಕ್ಕೇ ಎದ್ದು ವಾಕಿಂಗ್! ಸಂಕ್ರಾಂತಿಗೆ ಎಳ್ಳು-ಬೆಲ್ಲ ಬೀರುವ ಹೊತ್ತಿಗೆ ವಾಕಿಂಗ್ ಶೂ ಮೂಲೆ ಸೇರಿರುತ್ತೆ. ಉಳಿಯೋದು 'ನನ್ನ ಕೈಲಿ ಏನೂ ಆಗಲ್ಲ' ಅನ್ನೋ ಬೇಸರ ಮಾತ್ರ. ಹಾಗನ್ನಿಸಿದಾಗ ಗಾಂಧೀಜಿಯವರನ್ನು ಒಮ್ಮೆ ನೆನಪಿಸಿಕೊಳ್ಳಿ. ಉಪವಾಸ, ವ್ರತ ಅಂದರೆ ಅವರೇ ಅಲ್ವಾ? ಆದರೆ ಆರೋಗ್ಯದ ವಿಷಯದಲ್ಲಿ ಅವರ ಎಷ್ಟೋ ಸಂಕಲ್ಪಗಳೂ ಮುರಿದುಬಿದ್ದಿದ್ದವು.

1869ರಲ್ಲಿ ಪೋರಬಂದರಿನಲ್ಲಿ ಹುಟ್ಟಿದ ಈ ಹುಡುಗನಿಗೆ ಶಾಲೆಯಲ್ಲಿ ಕ್ರಿಕೆಟ್, ಕಸರತ್ತು ಎರಡೂ ಆಗಿಬರುತ್ತಿರಲಿಲ್ಲ. ಬಯಲಲ್ಲಿ ನಡೆದರೆ ಒಳ್ಳೆಯದು ಅಂತ ಪುಸ್ತಕದಲ್ಲಿ ಓದಿ, ನಡೆಯುವುದನ್ನಷ್ಟೇ ರೂಢಿಸಿಕೊಂಡರು. 1888ರಲ್ಲಿ ಕಾನೂನು ಓದಲು ಲಂಡನ್‌ಗೆ ಹೋದಾಗ ಇದೇ ಅವರ ಕೈಹಿಡಿಯಿತು. ಖರ್ಚು ಹೆಚ್ಚಾಗುತ್ತಿತ್ತು. ಕೆಲಸದ ಜಾಗಕ್ಕೆ ಅರ್ಧ ಗಂಟೆಯಲ್ಲಿ ನಡೆದು ಹೋಗುವಂಥ ಕಡೆ ಬಾಡಿಗೆ ಕೋಣೆ ಹಿಡಿದರು. ಬಂಡಿಯ ಬಾಡಿಗೆ ಉಳಿಯಿತು, ದಿನಕ್ಕೆ 13ರಿಂದ 16 ಕಿಲೋಮೀಟರ್ ನಡಿಗೆಯೂ ಆಯಿತು. ಗಮನಿಸಿ, ವ್ಯಾಯಾಮಕ್ಕೆ ಅಂತ ಬೇರೆ ಸಮಯ ಹುಡುಕಲೇ ಇಲ್ಲ! ಹೇಗೂ ಹೋಗಬೇಕಿದ್ದ ಜಾಗಕ್ಕೆ ಕಾಲ್ನಡಿಗೆಯಲ್ಲಿ ಹೋದರು, ಅಷ್ಟೇ.

ಊಟದ ಪ್ರಯೋಗಗಳ ಕಥೆಯೇ ಬೇರೆ. 1893ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಬೇಯಿಸದ ಆಹಾರವನ್ನಷ್ಟೇ ತಿನ್ನುತ್ತೇನೆ ಅಂತ ಹೊರಟರು. ನಿಶ್ಶಕ್ತಿ ಬಂತು, ಕೆಲವೇ ದಿನಕ್ಕೆ ಕೈಬಿಟ್ಟರು. 1912ರಲ್ಲಿ ಹಾಲನ್ನೇ ಬಿಟ್ಟರು. ಇದು ಮಾತ್ರ ಆರು ವರ್ಷ ನಡೆಯಿತು. 1918ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯ ಹಳ್ಳಿಹಳ್ಳಿ ಸುತ್ತುವಾಗ ರುಬ್ಬಿದ ಕಡಲೆಕಾಯಿ ಬೀಜ, ನಿಂಬೆಹಣ್ಣೇ ಅವರ ಮುಖ್ಯ ಆಹಾರ. ಹೊಟ್ಟೆ ಕೆಟ್ಟಿತು. ಅಂದು ಮಧ್ಯಾಹ್ನ ಏನೂ ತಿನ್ನಬಾರದು ಅಂದುಕೊಂಡಿದ್ದರು. ಆದರೆ ಹಬ್ಬದ ದಿನ ನೋಡಿ, ಕಸ್ತೂರಬಾ ಗೋಧಿಯ ಸಿಹಿ ಗಂಜಿ, ಬಟ್ಟಲು ತುಂಬಾ ಹೆಸರುಕಾಳು ಮಾಡಿಟ್ಟಿದ್ದರು. ಮನಸ್ಸು ತಡೆಯಲಿಲ್ಲ, ತಿಂದರು. ಒಂದೇ ಗಂಟೆಯಲ್ಲಿ ಆಮಶಂಕೆ ಜೋರಾಯಿತು. (ಮಹಾತ್ಮರಿಗೂ ಹಬ್ಬದಡುಗೆ ಬಿಡೋಕಾಗಲಿಲ್ಲ ಅಂದಮೇಲೆ ನಾವು ಒಂದು ಹೋಳಿಗೆಗೆ ಅಷ್ಟು ಕೊರಗಬೇಕಾ?)

ಆಮೇಲೆ ಔಷಧಿಯೂ ಬೇಡ, ಹಾಲೂ ಬೇಡ ಅಂತ ಹಟ. ಸಾಯುತ್ತೇನೆ ಅಂತ ಅವರಿಗೇ ಅನ್ನಿಸುವಷ್ಟು ಸೊರಗಿದರು. ಹಾಲು ಕುಡಿಯದೆ ಚೇತರಿಕೆ ಇಲ್ಲ ಅಂದರು ಡಾಕ್ಟರು. ದಾರಿ ತೋರಿಸಿದ್ದು ಹಾಸಿಗೆಯ ಪಕ್ಕ ನಿಂತಿದ್ದ ಕಸ್ತೂರಬಾ. ಬಿಟ್ಟಿದ್ದು ಹಸು-ಎಮ್ಮೆ ಹಾಲು ತಾನೆ, ಮೇಕೆ ಹಾಲಿಗೆ ಏನು ಅಡ್ಡಿ ಅಂದುಬಿಟ್ಟರು! ಗಾಂಧೀಜಿ ಒಪ್ಪಿದರು. ವ್ರತ ಅಕ್ಷರದಲ್ಲಿ ಮಾತ್ರ ಉಳಿಯಿತು ಅನ್ನೋ ಕೊರಗು ಅವರಿಗೆ ಕೊನೆಗೂ ಹೋಗಲಿಲ್ಲ. ಆದರೆ ಆ ರಾಜಿಯಿಂದ ಜೀವ ಉಳಿಯಿತು. ನನಗಂತೂ ಇಲ್ಲಿ ಕಸ್ತೂರಬಾ ಅವರೇ ಜಾಣೆ ಅನ್ನಿಸುತ್ತೆ.

1927ರಲ್ಲಿ ಬಿಡುವಿಲ್ಲದೆ ಪ್ರವಾಸ ಮಾಡಿ ಮತ್ತೆ ಕುಸಿದರು. ರಕ್ತದೊತ್ತಡ ಏರಿತ್ತು. ವಿಶ್ರಾಂತಿಗೆ ಬಂದದ್ದು ನಮ್ಮ ನಂದಿಬೆಟ್ಟಕ್ಕೆ. ಅಲ್ಲಿ ಸುಮಾರು ಒಂದೂವರೆ ತಿಂಗಳಿದ್ದು, ಆಮೇಲೆ ಬೆಂಗಳೂರಿನ ಕುಮಾರ ಪಾರ್ಕ್‌ನಲ್ಲಿ ಉಳಿದರು.

ಹಾಗಾಗಿ ನೀವೂ ಈ ಸಲ 'ಅದು ಬಿಡ್ತೀನಿ, ಇದು ಬಿಡ್ತೀನಿ' ಅಂತ ಪಟ್ಟಿ ಹಾಕಬೇಡಿ. ಬಿಪಿ, ಶುಗರ್ ಮಾತ್ರೆ ತೆಗೆದುಕೊಳ್ಳುವವರಂತೂ ಡಾಕ್ಟರನ್ನು ಕೇಳದೆ ಊಟ ಬದಲಿಸಲೇಬೇಡಿ. ಮಗುವನ್ನು ಸ್ಕೂಲಿಗೆ ಬಿಡೋದು, ತರಕಾರಿ ತರೋದು, ದೇವಸ್ಥಾನ - ಇವುಗಳಲ್ಲಿ ಒಂದಕ್ಕೆ ಆಟೋ, ಸ್ಕೂಟರ್ ಬಿಟ್ಟು ಸ್ವಲ್ಪ ಚುರುಕಾಗಿ ನಡೆದು ಹೋಗಿ. ಮೊದಲ ತಿಂಗಳು ಹತ್ತು ನಿಮಿಷವಾದರೂ ಸಾಕು. ನಿಧಾನವಾಗಿ ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ ಐದು ದಿನವಾದರೆ, ವಿಶ್ವ ಆರೋಗ್ಯ ಸಂಸ್ಥೆ ಹೇಳುವ 150 ನಿಮಿಷ ಆಗಿಹೋಯಿತು. ಒಂದು ದಿನ ತಪ್ಪಿದರೆ ಮರುದಿನ ಹೊರಡಿ.

1930ರ ಮಾರ್ಚ್ 12ರಂದು ಸಾಬರಮತಿಯಿಂದ ದಂಡಿಗೆ ಹೊರಟಾಗ ಗಾಂಧೀಜಿಗೆ 60 ತುಂಬಿತ್ತು. 24 ದಿನ, ಸುಮಾರು 385 ಕಿಲೋಮೀಟರ್. ದಿನಕ್ಕೆ ಸರಾಸರಿ ಲಂಡನ್ನಿನಲ್ಲಿ ನಡೆಯುತ್ತಿದ್ದಷ್ಟೇ ದೂರ. ಸೋಮವಾರ ನಡಿಗೆಗೆ ರಜೆ. ಸುಸ್ತಾದರೆ ಇರಲಿ ಅಂತ ಹಿಂದೆ ಒಂದು ಕುದುರೆ ಬರುತ್ತಿತ್ತು. ಅವರು ಅದನ್ನು ಏರಲಿಲ್ಲ.