ಕೆಂಗಲ್ ಹನುಮಂತಯ್ಯನವರೂ ಸರಕಾರಿ ಕಡತವೂ

ನಮ್ಮ ತಾತ ತೀರಿಕೊಂಡ ಮೇಲೆ ಒಂದೂವರೆ ಎಕರೆ ರಾಗಿ ಹೊಲದ ಖಾತೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ನಮ್ಮಪ್ಪ ಒಂದು ಸರಕಾರಿ ಕಚೇರಿಗೆ ಹನ್ನೊಂದು ಸಲ ಅಲೆದರು. ಕೋಡಿಹಳ್ಳಿಯಿಂದ ಬೆಳಗಿನ ಬಸ್ಸು ಹತ್ತಿ, ಒಂದು ದಿನದ ಕೂಲಿ ಕಳೆದುಕೊಂಡು, ಸಂಜೆ ಬರಿಗೈಯಲ್ಲಿ ಬರುವರು. ಅರ್ಜಿಯಲ್ಲಿ ತಪ್ಪಿರಲಿಲ್ಲ. ಯಾರೂ ಲಂಚ ಕೇಳಲೂ ಇಲ್ಲ. ಕಡತವು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುತ್ತಿತ್ತು, ಅಷ್ಟೆ. ಬಿ.ಎ. ಕೊನೆಯ ವರ್ಷದಲ್ಲಿ ಆಡಳಿತ ಸುಧಾರಣೆಯ ಪಾಠ ಬಂದಾಗ ನನಗೆ ಆ ಮೇಜುಗಳೇ ನೆನಪಾದವು. ಆ ಪಾಠದಲ್ಲಿ ನಮ್ಮ ಸೀಮೆಯವರೇ ಆದ ಹನುಮಂತಯ್ಯನವರ ಹೆಸರು ಕಂಡು ಆಶ್ಚರ್ಯವೂ ಆಯಿತು. ವಿಧಾನಸೌಧ ಕಟ್ಟಿಸಿದವರೆಂದು ಅವರನ್ನು ಎಲ್ಲರೂ ಬಲ್ಲರು. ಕಡತದ ಹಾದಿಯನ್ನು ಅಳೆಯಲು ಹೊರಟವರೆಂದು ಬಲ್ಲವರು ಕಡಿಮೆ.

ಹನುಮಂತಯ್ಯನವರು 1908ರ ಫೆಬ್ರವರಿ 10ರಂದು ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯಲ್ಲಿ ಒಕ್ಕಲು ಮನೆತನದಲ್ಲಿ ಹುಟ್ಟಿದರು. ರಾಮನಗರ ಚನ್ನಪಟ್ಟಣಗಳ ನಡುವೆ ಹೆದ್ದಾರಿಯ ಪಕ್ಕದಲ್ಲಿರುವ ಕೆಂಗಲ್ ಆಂಜನೇಯನ ಹೆಸರೇ ಅವರ ಹೆಸರಿನ ಮುಂದೆ ನಿಂತಿತು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಬಿ.ಎ. ಓದಿ, ಪುಣೆಯಲ್ಲಿ ಕಾನೂನು ಕಲಿತು, ಬೆಂಗಳೂರಿನಲ್ಲಿ ವಕೀಲರಾದರು. ಸ್ವಾತಂತ್ರ್ಯ ಚಳವಳಿಯಲ್ಲಿ ಹಲವು ಸಲ ಸೆರೆಮನೆ ಕಂಡರು. ಸಂವಿಧಾನ ರಚನಾ ಸಭೆಯ ಸದಸ್ಯರೂ ಆದರು. 1952ರ ಮಹಾಚುನಾವಣೆಯ ನಂತರ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾದರು.

ವಿಧಾನಸೌಧಕ್ಕೆ ನೆಹರೂ ಅವರು 1951ರ ಜುಲೈ 13ರಂದು, ಕೆ.ಸಿ. ರೆಡ್ಡಿಯವರ ಕಾಲದಲ್ಲಿಯೇ, ಶಂಕುಸ್ಥಾಪನೆ ಮಾಡಿದ್ದರು. ಹನುಮಂತಯ್ಯನವರು ಸಾದಾ ನಕ್ಷೆಯನ್ನು ಬದಿಗಿಟ್ಟು, ಮಾಣಿಕ್ಯಂ ಎಂಬ ಇಂಜಿನಿಯರರ ನೆರವಿನಿಂದ ಕಲ್ಲಿನ ಅರಮನೆಯನ್ನೇ ಎಬ್ಬಿಸಿದರು. 1956ರ ಹೊತ್ತಿಗೆ ಅದು ಮುಗಿಯಿತು. ಖರ್ಚು ಅತಿಯಾಯಿತೆಂಬ ಆಪಾದನೆ ಬಂದಿತು, ವಿಚಾರಣೆಯೂ ನಡೆಯಿತು. ಆ ಕಟ್ಟಡದ ನೆತ್ತಿಯ ಮೇಲೆ ಸರಕಾರದ ಕೆಲಸವು ದೇವರ ಕೆಲಸವೆಂಬ ಅರ್ಥದ ಬರಹವಿದೆ. ಕಳೆದ ವರ್ಷ ಅಪ್ಪನನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದಾಗ ಅದನ್ನು ಓದಿ ಹೇಳಿದೆ. ಅಪ್ಪನಿಗೆ ಓದು ಬರದು. ದೇವರು ಎಷ್ಟು ದಿನಕ್ಕೆ ಸಹಿ ಹಾಕುತ್ತಾನೆ ಎಂದು ಕೇಳಿ ನಕ್ಕರು. ನನಗೆ ನಗು ಬರಲಿಲ್ಲ. ಕಟ್ಟಡ ಎದ್ದ ವೇಗದಲ್ಲಿ ಒಳಗಿನ ನಡವಳಿಕೆ ಬದಲಾಗಲಿಲ್ಲವೆಂಬುದು ನಿಜ.

ಕನ್ನಡ ನಾಡು ಒಂದಾಗಬೇಕೆಂದು ಅವರು, ಹಳೆಯ ಮೈಸೂರಿನ ಅನೇಕ ಮುಖಂಡರ ವಿರೋಧವನ್ನು ಲೆಕ್ಕಿಸದೆ, ನಿಂತರು. ಆದರೆ ಏಕೀಕರಣದ ದಿನ ಅವರು ಅಧಿಕಾರದಲ್ಲಿರಲಿಲ್ಲ. ಸ್ವಪಕ್ಷದ ಶಾಸಕರ ಬೆಂಬಲ ತಪ್ಪಿ 1956ರ ಆಗಸ್ಟಿನಲ್ಲಿಯೇ ಇಳಿಯಬೇಕಾಯಿತು.

ನನ್ನ ಪಾಲಿಗೆ ಮುಖ್ಯವಾದುದು ಇನ್ನು ಮುಂದಿನದು. ಕೇಂದ್ರ ಸರಕಾರವು 1966ರ ಜನವರಿಯಲ್ಲಿ ಆಡಳಿತ ಸುಧಾರಣಾ ಆಯೋಗವನ್ನು ನೇಮಿಸಿತು. ಅಧ್ಯಕ್ಷರಾಗಿದ್ದ ಮೊರಾರ್ಜಿ ದೇಸಾಯಿಯವರು 1967ರಲ್ಲಿ ಉಪಪ್ರಧಾನಿಗಳಾದಾಗ ಆ ಸ್ಥಾನ ಲೋಕಸಭಾ ಸದಸ್ಯರಾಗಿದ್ದ ಹನುಮಂತಯ್ಯನವರಿಗೆ ಬಂದಿತು. 1970ರ ತನಕ ನಡೆದ ಆಯೋಗ ಒಟ್ಟು 20 ವರದಿಗಳನ್ನೂ 537 ಶಿಫಾರಸುಗಳನ್ನೂ ಕೊಟ್ಟಿತು.

ಆ ಶಿಫಾರಸುಗಳಲ್ಲಿ ಎರಡನ್ನು ಹೇಳಬೇಕು. ಒಂದು ಕಾಗದಕ್ಕೆ ಗುಮಾಸ್ತ ಟಿಪ್ಪಣಿ ಬರೆದು, ಮೇಲಿನವರು ಅದಕ್ಕೆ ಟಿಪ್ಪಣಿ ಸೇರಿಸಿ, ಅವರ ಮೇಲಿನವರು ಕಂಡಿದೆ ಎಂದು ಗುರುತು ಹಾಕಿ ಏರಿಸುವ ಪದ್ಧತಿ ಬ್ರಿಟಿಷರ ಕಾಲದ್ದು. ಇದರ ಮೆಟ್ಟಿಲುಗಳನ್ನು ಕಡಿಮೆ ಮಾಡಿ, ವಿಷಯ ಬಲ್ಲ ಅಧಿಕಾರಿಯೇ ಮೊದಲ ಮೇಜಿನಲ್ಲಿ ಕುಳಿತು ಸಾಧ್ಯವಾದುದನ್ನು ಅಲ್ಲಿಯೇ ತೀರ್ಮಾನಿಸಬೇಕೆಂದು ಆಯೋಗ ಹೇಳಿತು. ಇನ್ನೊಂದು, ಆಯವ್ಯಯದಲ್ಲಿ ಹಣ ಎಷ್ಟು ಖರ್ಚಾಯಿತೆಂದು ಬರೆದರೆ ಸಾಲದು, ಆ ಹಣಕ್ಕೆ ಎಷ್ಟು ಕೆಲಸವಾಯಿತೆಂದೂ ತೋರಿಸಬೇಕೆಂಬುದು. ಡೆಮಿಂಗ್ ಎಂಬ ಅಮೆರಿಕದ ಸಂಖ್ಯಾಶಾಸ್ತ್ರಜ್ಞರು 1950ರಲ್ಲಿ ಜಪಾನಿನ ಕಾರ್ಖಾನೆಯವರಿಗೆ ಕಲಿಸಿದ್ದೂ ಇದಕ್ಕೆ ದೂರದ್ದಲ್ಲ: ಮಾಲು ಕೆಟ್ಟರೆ ಆಳನ್ನು ಬಯ್ಯುವ ಮೊದಲು ಕೆಲಸದ ಕ್ರಮವನ್ನು ನೋಡಬೇಕು. ನಮ್ಮಪ್ಪನ ಕಡತವನ್ನು ತಡೆದವರೂ ಕೆಟ್ಟವರಲ್ಲ. ಕಡತದೊಳಗೇ ಇದ್ದ ಮರಣ ಪತ್ರದ ನಕಲನ್ನು ಮೂರನೆಯ ಮೇಜಿನವರು ಮತ್ತೆ ಕೇಳಿದ್ದು, ಅದನ್ನು ಮೊದಲನೆಯ ಮೇಜಿನವರು ಪರೀಕ್ಷಿಸಿದ್ದರೆಂದು ಅವರಿಗೆ ತಿಳಿಯುವ ದಾರಿಯೇ ಇರಲಿಲ್ಲವಾದ್ದರಿಂದ.

ಕೇಂದ್ರದಲ್ಲಿ 1970ರಲ್ಲಿ ಸಿಬ್ಬಂದಿ ಇಲಾಖೆ ಪ್ರತ್ಯೇಕವಾಗಿ ಹುಟ್ಟಿದುದು ಆಯೋಗದ ಸಲಹೆಯಿಂದಲೇ. ಉಳಿದ ಶಿಫಾರಸುಗಳಲ್ಲಿ ಹಲವು ಕಡತಗಳಾಗಿಯೇ ಉಳಿದವು. ಕಡತವನ್ನು ಕುರಿತ ವರದಿಗೂ ಕಡತದ ಗತಿಯೇ ಆದದ್ದನ್ನು ನೋಡಿದರೆ ಏನು ಹೇಳಬೇಕೋ ತೋಚದು. ಹನುಮಂತಯ್ಯನವರು 1971ರಲ್ಲಿ ರೈಲ್ವೆ ಸಚಿವರಾಗಿ ಮರುವರ್ಷ ಆ ಹುದ್ದೆ ಬಿಟ್ಟರು. 1980ರ ಡಿಸೆಂಬರ್ 1ರಂದು ಕಾಲವಾದರು.

ಅವರು ತೀರಿಕೊಂಡು ಮೂವತ್ತು ವರ್ಷಗಳ ಮೇಲೆ, 2011ರಲ್ಲಿ, ನಮ್ಮ ರಾಜ್ಯ ಸೇವೆಗಳ ಖಾತರಿ ಕಾನೂನನ್ನು ಮಾಡಿತು. ಮರುವರ್ಷ ಜಾರಿಗೆ ಬಂದ ಅದನ್ನೇ ಜನ ಸಕಾಲವೆನ್ನುತ್ತಾರೆ. ಅರ್ಜಿಗೊಂದು ಸಂಖ್ಯೆ, ಕೆಲಸಕ್ಕೊಂದು ಗಡುವು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಅರ್ಜಿದಾರನಿಗೆ ಪರಿಹಾರವೆಂದು ಅದರಲ್ಲಿ ಬರೆಯಿತು. ಅಪ್ಪ ಮೊದಲು ಬಿಳಿಯ ಹಾಳೆಯಲ್ಲಿ ಬರೆಸಿ ಕೊಟ್ಟ ಅರ್ಜಿಗೆ ಸಂಖ್ಯೆಯೇ ಇರಲಿಲ್ಲ. ಹನ್ನೆರಡನೆಯ ಸಲ ನಾನೂ ಜೊತೆಗೆ ಹೋಗಿ ಹೊಸ ಅರ್ಜಿ ಬರೆದು, ಸಂಖ್ಯೆ ಇರುವ ರಸೀದಿ ಕೇಳಿ ಪಡೆದೆ. ಗಡುವಿನೊಳಗೇ ಖಾತೆ ಬಂದಿತು. ಅಪ್ಪ ಈಗಲೂ ಪಹಣಿಯ ಜೊತೆಗೆ ಆ ರಸೀದಿಯನ್ನೂ ಮಡಿಚಿ ಟ್ರಂಕಿನಲ್ಲಿ ಇಟ್ಟಿದ್ದಾರೆ.